ಭುಜದ ನೋವಿಗೆ ಪಾದದಲ್ಲಿ ಪರಿಹಾರ

ಶಾಲಾ ಕ್ರೀಡಾಕೂಟಗಳ ಋತು ಆರಂಭವಾಯಿತೆಂದರೆ ಭುಜನೋವಿನಿಂದ ಬಳಲುವ ಬಾಲಕಿಯರು ಚಿಕಿತ್ಸಾಲಯಕ್ಕೆ ಬರತೊಡಗುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಅವರ ನಡುವೆ ಸಾಫ್ಟ್‌ಬಾಲ್ ಆಡುವವರು, ಅದರಲ್ಲಿಯೂ ಚೆಂಡನ್ನೆಸೆಯುವ ‘ಪಿಚರ್’ಗಳು ಎದ್ದು ಕಾಣುತ್ತಿದ್ದಾರೆ. ಜೊತೆಯಲ್ಲಿ ಬಂದ ತಂದೆತಾಯಿಗಳ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಡಾಕ್ಟರೇ, ಯಾವ ಎಣ್ಣೆ ಹಚ್ಚಬೇಕು? ಮುಂದಿನ ವಾರ ಜಿಲ್ಲಾ ಮಟ್ಟದ ಪಂದ್ಯವಿದೆ.” ಎಣ್ಣೆಯ ಹೆಸರನ್ನು ಬರೆದುಕೊಡುವುದು ವೈದ್ಯನಿಗೆ ಅತ್ಯಂತ ಸುಲಭದ ಕೆಲಸ. ಆದರೆ ಆಯುರ್ವೇದವು ‘ನಿದಾನಪರಿವರ್ಜನ’ಕ್ಕೆ, ಅಂದರೆ ರೋಗಕಾರಣವನ್ನು ದೂರಮಾಡುವುದಕ್ಕೆ, ಚಿಕಿತ್ಸೆಯಲ್ಲಿ ಮೊದಲ ಸ್ಥಾನವನ್ನು ಕೊಟ್ಟಿದೆ. ಈ ಮಕ್ಕಳ ನೋವಿನ ಕಾರಣ ಬಹುಪಾಲು ಭುಜದಲ್ಲಿಲ್ಲ. ಪಾದವನ್ನು ಊರುವ ಕ್ರಮದಲ್ಲಿಯೂ ದಿನಕ್ಕೆ ಎಷ್ಟು ಎಸೆತ ಎಂಬ ಲೆಕ್ಕವನ್ನೇ ಯಾರೂ ಇಡದಿರುವುದರಲ್ಲಿಯೂ ಇದೆ ಎಂಬುದು ನನ್ನ ಅಭಿಪ್ರಾಯ.

ಈ ಆಟವನ್ನು ಕಾಣದ ಓದುಗರಿಗಾಗಿ ಎರಡು ಮಾತು. ಸಾಫ್ಟ್‌ಬಾಲ್ 1887ರಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡುವ ಬೇಸ್‌ಬಾಲ್ ರೂಪವಾಗಿ ಹುಟ್ಟಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಪಂದ್ಯವಾಗಿ ಸೇರ್ಪಡೆಯಾಯಿತು. ಹೆಸರಿನಲ್ಲಿ ‘ಸಾಫ್ಟ್’ ಎಂದಿದ್ದರೂ ಚೆಂಡು ಮೃದುವಲ್ಲ. ಸುತ್ತಳತೆ 12 ಇಂಚು, ತೂಕ 180 ಗ್ರಾಂಗಳ ಆಸುಪಾಸು. ಪಿಚರ್ ಅದನ್ನು ಹಿಡಿದು ತೋಳನ್ನು ಗಾಳಿಯಂತ್ರದ ರೆಕ್ಕೆಯಂತೆ ಒಂದು ಪೂರ್ಣ ಸುತ್ತು ತಿರುಗಿಸಿ, ಸೊಂಟದ ಪಕ್ಕದಿಂದ, ಕೆಳಗಿನಿಂದಲೇ 43 ಅಡಿ ದೂರದ ಬ್ಯಾಟುಗಾರ್ತಿಯೆಡೆಗೆ ಎಸೆಯಬೇಕು.

‘ಕೆಳಗಿನಿಂದ ಎಸೆಯುವುದು ಸಹಜವಾದ ಚಲನೆ, ಅದರಿಂದ ತೋಳು ದಣಿಯುವುದಿಲ್ಲ’ ಎಂಬ ನಂಬಿಕೆ ಈ ಆಟದ ಜೊತೆಯಲ್ಲಿಯೇ ಬೆಳೆದು ಬಂದಿದೆ. ಇದೇ ಎಲ್ಲ ತೊಂದರೆಗಳ ಬೇರು. ತಲೆಯ ಮೇಲಿನಿಂದ ಎಸೆಯುವ ಬೇಸ್‌ಬಾಲ್ ಆಟದಲ್ಲಿ ಅಮೆರಿಕದ ಬಾಲಕರಿಗೆ ವಯಸ್ಸಿಗನುಸಾರ ದಿನಕ್ಕೆ ಇಂತಿಷ್ಟೇ ಎಸೆತ ಎಂಬ ಕಟ್ಟುನಿಟ್ಟಾದ ಮಿತಿಯಿದೆ. ಸಾಫ್ಟ್‌ಬಾಲ್ ಆಡುವ ಬಾಲಕಿಯರ ವಿಷಯದಲ್ಲಿ ಅಂತಹ ಎಚ್ಚರ ಬಹಳ ತಡವಾಗಿ ಮೂಡಿತು. ಅಟ್ಲಾಂಟಾ ಒಲಿಂಪಿಕ್ಸ್‌ನ ಪಿಚರ್‌ಗಳ ಎಸೆತವನ್ನು ಚಿತ್ರೀಕರಿಸಿ ಅಳೆದ ತಜ್ಞರು, ಚೆಂಡು ಕೈಬಿಡುವ ಹೊತ್ತಿನಲ್ಲಿ ತೋಳನ್ನು ಕೀಲಿನಿಂದ ಹೊರಕ್ಕೆಳೆಯುವ ಬಲವು ಆಟಗಾರ್ತಿಯ ದೇಹತೂಕದ ಸುಮಾರು ಶೇಕಡ 80ರಷ್ಟಿರುವುದನ್ನು ಕಂಡರು. ಐವತ್ತು ಕಿಲೋ ತೂಕದ ಹುಡುಗಿಯ ಭುಜಕ್ಕೆ ಪ್ರತಿ ಎಸೆತದಲ್ಲಿಯೂ ನಲವತ್ತು ಕಿಲೋ ಭಾರವನ್ನು ಕ್ಷಣಕಾಲ ತೂಗುಹಾಕಿದಂತೆ ಎಂದು ತಂದೆತಾಯಿಗಳಿಗೆ ವಿವರಿಸಿದಾಗ ಅವರ ಮುಖಭಾವವೇ ಬದಲಾಗುತ್ತದೆ.

ಈ ಭಾರವನ್ನು ತಡೆಯುವುದರಲ್ಲಿ ತೋಳಿನ ಮುಂಭಾಗದ ಮಾಂಸಖಂಡಕ್ಕೆ ದೊಡ್ಡ ಪಾಲಿದೆ. ಅದರ ತಂತು ಭುಜದ ಕೀಲಿನ ಮುಂದೆಯೇ ಹಾದುಹೋಗುತ್ತದೆ. ಪಿಚರ್ ಬಾಲಕಿಯರು ನೋವಿನ ಸ್ಥಾನವನ್ನು ತೋರಿಸುವಾಗ ಬೆರಳನ್ನು ಅಲ್ಲಿಯೇ ಇಡುವುದು ಆಶ್ಚರ್ಯವಲ್ಲ. ಸುಶ್ರುತನು ಕತ್ತು ಮತ್ತು ತೋಳಿನ ನೆತ್ತಿಯ ನಡುವೆ ‘ಅಂಸ’ ಎಂಬ ಸ್ನಾಯುಮರ್ಮವನ್ನು ಹೇಳಿ, ಅದಕ್ಕೆ ಪೆಟ್ಟಾದರೆ ತೋಳು ಸ್ತಬ್ಧವಾಗುತ್ತದೆ ಎಂದಿದ್ದಾನೆ. (ಇಲ್ಲಿ ಸ್ನಾಯು ಎಂದರೆ ಇಂದಿನ ಕನ್ನಡದಲ್ಲಿ ನಾವು ಹೇಳುವ ಮಾಂಸಖಂಡವಲ್ಲ, ಕೀಲನ್ನು ಬಿಗಿದು ಕಟ್ಟುವ ತಂತು. ಪಠ್ಯಪುಸ್ತಕಗಳು ಈ ಪದವನ್ನು ಬದಲಿಸಿಬಿಟ್ಟಿದ್ದರಿಂದ ವಿದ್ಯಾರ್ಥಿಗಳಿಗೆ ಇಂದಿಗೂ ಗೊಂದಲ ತಪ್ಪಿಲ್ಲ.) ಹದಿಹರೆಯದಲ್ಲಿ ತೋಳಿನ ಮೂಳೆಯ ಮೇಲ್ತುದಿ ಇನ್ನೂ ಬೆಳೆಯುತ್ತಲೇ ಇರುತ್ತದೆ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು.

ಹಾಗಾದರೆ ಬಲ ಎಲ್ಲಿಂದ ಬರಬೇಕು? ಜೋಳದ ತೆನೆಗೆ ಮುತ್ತುವ ಹಕ್ಕಿಗಳನ್ನು ಓಡಿಸಲು ಕವಣೆ ಬೀಸುತ್ತಿದ್ದ ಹಿರಿಯರನ್ನು ನೋಡಿದವರಿಗೆ ಉತ್ತರ ತಾನೇ ಹೊಳೆಯುತ್ತದೆ. ಕವಣೆಯ ಹಗ್ಗಕ್ಕೆ ಸ್ವಂತ ಬಲವಿಲ್ಲ. ಬೀಸುವವನ ಕಾಲು ನೆಲವನ್ನು ಒತ್ತುತ್ತದೆ, ಸೊಂಟ ತಿರುಗುತ್ತದೆ, ಆ ವೇಗ ಹಗ್ಗದ ತುದಿಯ ಕಲ್ಲಿಗೆ ತಲಪುತ್ತದೆ. ಪಿಚರಳ ತೋಳು ಆ ಹಗ್ಗದಂತಿರಬೇಕು. ಕಾಲು ಕೆಲಸ ಮಾಡದಿದ್ದಾಗ ಆ ಕೆಲಸವನ್ನು ಎಳೆಯ ತೋಳೇ ಮಾಡಬೇಕಾಗುತ್ತದೆ. ನೋವು ಅಲ್ಲಿಂದ ಆರಂಭ.

ಮೈದಾನದಲ್ಲಿ ಇದನ್ನು ತಂದೆತಾಯಿಗಳೇ ಪರೀಕ್ಷಿಸಬಹುದು. ಪಿಚರ್ ನಿಲ್ಲುವ ಪಟ್ಟಿಯಿಂದ ಎದುರಿನ ಹೋಮ್ ಪ್ಲೇಟಿನವರೆಗೆ ಸುಣ್ಣದ ಪುಡಿಯಲ್ಲಿ ಒಂದು ನೇರ ಗೆರೆ ಎಳೆಯಿರಿ. ಬಲಗೈ ಆಟಗಾರ್ತಿಯಾದರೆ ಬಲಗಾಲಿನಿಂದ ಪಟ್ಟಿಯನ್ನು ತಳ್ಳಿ ಎಡಗಾಲನ್ನು ಮುಂದೆ ಊರುತ್ತಾಳೆ. ಆ ಎಡಪಾದ ಗೆರೆಯ ಮೇಲೆಯೇ ಅಥವಾ ಅದಕ್ಕೆ ಹತ್ತಿಕೊಂಡು, ಬೆರಳುಗಳು ತುಸು ಬಲಕ್ಕೆ ವಾಲಿ ಊರಬೇಕು. ಪಾದ ಗೆರೆಯನ್ನು ದಾಟಿ ಬಲಕ್ಕೆ ಬಿದ್ದರೆ ಅವಳ ಸೊಂಟವೇ ತೋಳಿನ ದಾರಿಗೆ ಅಡ್ಡವಾಗುತ್ತದೆ, ತೋಳು ದೇಹವನ್ನು ಬಳಸಿಕೊಂಡು ಹೋಗಬೇಕಾಗುತ್ತದೆ. ಎಡಕ್ಕೆ ದೂರ ಬಿದ್ದರೆ ದೇಹ ಮುಂಚೆಯೇ ತಿರುಗಿ ತೋಳು ಹಿಂದೆ ಉಳಿಯುತ್ತದೆ. ಎರಡರಲ್ಲಿಯೂ ದಂಡ ತೆರುವುದು ಭುಜವೇ. ಹತ್ತು ಎಸೆತಗಳ ನಂತರ ಮಣ್ಣಿನಲ್ಲಿ ಮೂಡಿದ ಹೆಜ್ಜೆಗುರುತುಗಳನ್ನು ನೋಡಿದರೆ ಸಾಕು, ದುಬಾರಿ ಯಂತ್ರಗಳು ಬೇಕಿಲ್ಲ.

ಪಾದದ ಮೇಲೆ ಮೊಣಕಾಲಿದೆ. ಊರಿದ ಎಡಗಾಲು ತುಸು ಬಾಗಿ ಗಟ್ಟಿಯಾಗಿ ನಿಲ್ಲಬೇಕು. ದೇಹದ ಮುನ್ನುಗ್ಗುವಿಕೆ ಅಲ್ಲಿ ತಡೆದು ನಿಂತಾಗಲೇ ಅದರ ವೇಗ ತೋಳಿಗೆ ಹರಿಯುತ್ತದೆ. ಆ ಕಾಲು ಕುಸಿದರೆ ಬೆನ್ನು ಮುಂದಕ್ಕೆ ಬಗ್ಗುತ್ತದೆ. ಬೆನ್ನು ಬಗ್ಗಿಸಿ ಎಸೆಯುವ ಹುಡುಗಿ ಹೆಚ್ಚು ಶ್ರಮಪಡುತ್ತಿದ್ದಾಳೆಂದು ನೋಡುವವರಿಗೆ ಅನ್ನಿಸಿ ಚಪ್ಪಾಳೆ ತಟ್ಟುವುದೂ ಉಂಟು! ಮೊಣಕೈಯನ್ನು ಕೋಲಿನಂತೆ ಬಿಗಿಯದೆ ಸಡಿಲವಾಗಿಟ್ಟು, ತೋಳಿನ ಸುತ್ತು ಆ ಸುಣ್ಣದ ಗೆರೆಯ ನೇರದಲ್ಲಿಯೇ ಸಾಗುವಂತೆ ನೋಡಿಕೊಳ್ಳಬೇಕು. ಚೆಂಡು ಕೈಬಿಟ್ಟ ಮೇಲೆ ತೋಳನ್ನು ಥಟ್ಟನೆ ತಡೆಯದೆ ತಾನಾಗಿ ನಿಧಾನಿಸಲು ಬಿಡಬೇಕು.

ತಿದ್ದುಪಡಿಯನ್ನು 43 ಅಡಿಯಿಂದ ಆರಂಭಿಸಬಾರದು. ಹದಿನೈದು ಅಡಿ ದೂರದಲ್ಲಿ ಬಲೆಯನ್ನೋ ಹಳೆಯ ಜಮಖಾನೆಯನ್ನೋ ಇಳಿಬಿಟ್ಟು, ಮೊದಲು ಚೆಂಡಿಲ್ಲದೆ, ಆಮೇಲೆ ಅರ್ಧ ವೇಗದಲ್ಲಿ, ಪಾದದ ಕಡೆಗೇ ಗಮನವಿಟ್ಟು ಎಸೆಯಲಿ. ಅಮೆರಿಕದಲ್ಲಿ ಹತ್ತರೊಳಗಿನ ಮಕ್ಕಳಿಗೆ 35 ಅಡಿ ದೂರವನ್ನೂ 11 ಇಂಚಿನ ಚಿಕ್ಕ ಚೆಂಡನ್ನೂ ಕೊಡುತ್ತಾರೆ. ನಾನು ಕಂಡ ಮೈದಾನಗಳಲ್ಲಿ ಪುಟ್ಟ ಕೈಗಳಿಗೂ ದೊಡ್ಡ ಚೆಂಡೇ ಗತಿ. ಶಾಲೆಗಳು ನಾಲ್ಕು ಚಿಕ್ಕ ಚೆಂಡು ಕೊಳ್ಳುವುದು ದೊಡ್ಡ ಖರ್ಚೇನಲ್ಲ. ಇನ್ನು ಸೊಂಟ ಮತ್ತು ತೊಡೆಯ ಬಲಕ್ಕೆ ಬಸ್ಕಿ, ಸೇತುಬಂಧಾಸನ, ವೃಕ್ಷಾಸನಗಳಿವೆ. ಒಂಟಿಕಾಲಿನ ಸ್ಥಿರತೆಗೆ ನಮ್ಮ ಕುಂಟಾಬಿಲ್ಲೆಯಷ್ಟು ಸಂತೋಷದ ವ್ಯಾಯಾಮ ಮತ್ತೊಂದಿಲ್ಲ.

ಈಗ ಲೆಕ್ಕದ ಮಾತಿಗೆ ಬರೋಣ. ಇದನ್ನು ಎತ್ತಿದಾಗಲೆಲ್ಲ ಉತ್ಸಾಹಿ ತರಬೇತುದಾರರು ಜಪಾನಿನ ಯುಕಿಕೊ ಉಯೆನೊ ಅವರ ಉದಾಹರಣೆ ಕೊಡುತ್ತಾರೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಆಕೆ ಎರಡು ದಿನಗಳಲ್ಲಿ ಮೂರು ಪಂದ್ಯಗಳನ್ನಾಡಿ, 413 ಎಸೆತಗಳನ್ನು ಎಸೆದು ಜಪಾನಿಗೆ ಚಿನ್ನ ತಂದದ್ದು ನಿಜ. ಆ ಸಾಧನೆಗೆ ತಲೆಬಾಗೋಣ. ಆದರೆ ಆಗ ಆಕೆಗೆ 26 ವರ್ಷ. ಮೂಳೆ ಬಲಿತ, ಆಟವನ್ನೇ ವೃತ್ತಿಯಾಗಿಸಿಕೊಂಡ ಆಟಗಾರ್ತಿ. ಎಂಟನೆಯ ತರಗತಿಯ ಮಗುವಿಗೆ ಅದು ಮಾದರಿಯಾಗದು. 13–14 ವರ್ಷದವರಿಗೆ ಪಂದ್ಯವೊಂದಕ್ಕೆ 80, ದಿನವೊಂದಕ್ಕೆ 115 ಎಸೆತ ಮೀರಬಾರದೆಂದು ಅಮೆರಿಕದ ಕ್ರೀಡಾವೈದ್ಯರ ಸಲಹೆಯಿದೆ. ನಮ್ಮ ಮಕ್ಕಳ ಪೋಷಣೆಯನ್ನು ನೋಡಿದರೆ ನಾನು ಅದಕ್ಕಿಂತ ಕಡಿಮೆಯನ್ನೇ ಹೇಳುತ್ತೇನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡ 59 ಮಂದಿಗೆ ರಕ್ತಹೀನತೆಯಿದೆ. ಬೆಳಿಗ್ಗೆ ಚಹಾ ಕುಡಿದು ಮೈದಾನಕ್ಕೆ ಓಡುವ ಹುಡುಗಿಗೆ ರಾಗಿ, ಹೆಸರುಕಾಳು, ನುಗ್ಗೆಸೊಪ್ಪು, ಎಳ್ಳು–ಬೆಲ್ಲ ಇವೇ ಮೊದಲ ಔಷಧ.

ವಾಗ್ಭಟನು ಅರ್ಧಶಕ್ತಿಯವರೆಗೆ ಮಾತ್ರ ವ್ಯಾಯಾಮ ಮಾಡಬೇಕೆಂದು ವಿಧಿಸಿ, ಮಿತಿಮೀರಿದವನನ್ನು ಆನೆಯನ್ನೆಳೆಯಲು ಹೋದ ಸಿಂಹಕ್ಕೆ ಹೋಲಿಸಿದ್ದಾನೆ. ಪಂದ್ಯದಲ್ಲಿ ಅರ್ಧಶಕ್ತಿ ಸಾಲದು ಎಂಬುದನ್ನು ಒಪ್ಪುತ್ತೇನೆ. ಆದರೆ ಅಭ್ಯಾಸದಲ್ಲಿ, ವಾರದ ಉಳಿದ ದಿನಗಳಲ್ಲಿ, ಆ ಮಿತಿಯನ್ನು ಪಾಲಿಸಲು ಅಡ್ಡಿಯೇನು? ಅಡ್ಡಿ ಒಂದೇ: ತಂಡದಲ್ಲಿ ಪಿಚರ್ ಒಬ್ಬಳೇ ಇರುತ್ತಾಳೆ. ಮೂರು ದಿನದ ಕ್ರೀಡಾಕೂಟದ ಎಲ್ಲ ಪಂದ್ಯಗಳನ್ನೂ ಅವಳೇ ಎಸೆಯುತ್ತಾಳೆ. ಕ್ರೀಡಾ ಮೀಸಲಾತಿಯ ಸೀಟಿನ ಆಸೆಯಿಂದ ಮನೆಯವರೂ ಸುಮ್ಮನಿರುತ್ತಾರೆ, ನೋವನ್ನು ಹೇಳಿದರೆ ತಂಡದಿಂದ ಬಿಟ್ಟಾರೆಂದು ಮಗಳೂ ಸುಮ್ಮನಿರುತ್ತಾಳೆ. ಪ್ರತಿ ಶಾಲಾತಂಡವೂ ಕನಿಷ್ಠ ಇಬ್ಬರು ಪಿಚರ್‌ಗಳನ್ನು ಬೆಳೆಸಲೇಬೇಕು, ದಿನದ ಎಸೆತಗಳನ್ನು ಬರೆದಿಡಲು ಒಂದು ನೋಟ್‌ಪುಸ್ತಕ ಇರಲೇಬೇಕು ಎಂದು ಪೋಷಕರ ಸಭೆಯಲ್ಲಿ ದೈಹಿಕ ಶಿಕ್ಷಕರನ್ನು ಕೇಳುವ ಹಕ್ಕು ತಂದೆತಾಯಿಗಳಿಗಿದೆ. ಹೆಚ್ಚಿನ ಶಿಕ್ಷಕರು ಇದನ್ನು ಸಂತೋಷದಿಂದಲೇ ಒಪ್ಪುತ್ತಾರೆ. ಗೆಲುವಿನ ಒತ್ತಡ ಅವರ ಮೇಲೂ ಇದೆ.

ಕೊನೆಗೆ ಎಣ್ಣೆ. ಆಟದ ದಿನದ ದಣಿವಿಗೆ, ಸಂಜೆ ಉಗುರುಬೆಚ್ಚಗಿನ ಕ್ಷೀರಬಲಾ ತೈಲವನ್ನೋ ಮಹಾನಾರಾಯಣ ತೈಲವನ್ನೋ ಭುಜ, ಬೆನ್ನು, ಸೊಂಟ, ತೊಡೆಗಳಿಗೂ ಮೆದುವಾಗಿ ಹಚ್ಚಿ ಬಿಸಿನೀರಿನ ಸ್ನಾನ ಮಾಡಿಸಿದರೆ ಹಿತವಾಗುತ್ತದೆ. ಆದರೆ ಊದಿಕೊಂಡ, ಮುಟ್ಟಿದರೆ ಚೀರುವಷ್ಟು ನೋಯುವ ಭುಜವನ್ನು ತಿಕ್ಕಬಾರದು. ನೋವಿಗೆ ಎಣ್ಣೆ ಹಚ್ಚಿ ಮರುದಿನವೇ ಮೈದಾನಕ್ಕೆ ಕಳುಹಿಸುವುದಂತೂ ಸಲ್ಲದು. ರಾತ್ರಿ ನಿದ್ದೆಗೆಡಿಸುವ ನೋವು, ಬೆರಳುಗಳಲ್ಲಿ ಜೋಮು, ತಲೆ ಬಾಚಲು ಕೈ ಎತ್ತಲಾಗದ ಸ್ಥಿತಿ, ಮುಂಗೈಯ ಮೂಳೆಯ ಒಂದೇ ಜಾಗದಲ್ಲಿ ಒತ್ತಿದರೆ ನೋವು—ಇವುಗಳಲ್ಲಿ ಒಂದಿದ್ದರೂ ಎಸೆತವನ್ನು ಅಂದೇ ನಿಲ್ಲಿಸಿ, ನನ್ನಂಥವರ ಬಳಿಗೆ ಬರುವ ಮೊದಲು ಮೂಳೆತಜ್ಞರಲ್ಲಿಗೆ ಕರೆದೊಯ್ಯಿರಿ.