ಹಾಡುಗಳನ್ನೆಲ್ಲ ಒಂದೇ ಪೆನ್‌ಡ್ರೈವ್ ನಂಬಿ ಇಡಬೇಡಿ

ರಾಯಚೂರು, ದೇವದುರ್ಗ, ಮಾನ್ವಿಯ ಬಂಧುಗಳೇ,

ವಿಜಯದಾಸರು ಹುಟ್ಟಿದ ಚೀಕಲಪರವಿ, ಜಗನ್ನಾಥದಾಸರು ಹುಟ್ಟಿದ ಬ್ಯಾಗವಾಟ ಎರಡೂ ಮಾನ್ವಿ ಸೀಮೆಯವು. ಗೋಪಾಲದಾಸರ ಮೊಸರಕಲ್ಲು ದೇವದುರ್ಗದ್ದು. ಇಂಥ ನೆಲದಲ್ಲಿ ದಾಸರ ಪದ, ತತ್ವಪದ, ಮದುವೆ ಮನೆಯ ಸೋಬಾನೆ ಇನ್ನೂ ಬಾಯಿಂದ ಬಾಯಿಗೆ ಬರುತ್ತಿವೆ. ಅವನ್ನು ಮೊಬೈಲಿನಲ್ಲಿ ಹಿಡಿಯುತ್ತೇವೆ, ಜಾಗ ಸಾಲದಾದಾಗ ಪೆನ್‌ಡ್ರೈವ್‌ಗೆ ಹಾಕಿ ಮೊಬೈಲಿನಿಂದ ಅಳಿಸಿಬಿಡುತ್ತೇವೆ. ಹಾಡಿದ ಅಜ್ಜಿ ತೀರಿಕೊಂಡ ಮೇಲೆ ಆ ಡ್ರೈವ್ ತೆರೆಯದಿದ್ದರೆ ಮತ್ತೆ ಯಾರ ಬಾಯಲ್ಲಿ ಹಾಡಿಸುವುದು?

ಪೆನ್‌ಡ್ರೈವ್ ಸಾಗಿಸಲಿಕ್ಕೆ ಒಳ್ಳೆಯದು, ಕಾಪಿಡಲಿಕ್ಕಲ್ಲ. ಅದರೊಳಗೆ ಮಾಹಿತಿ ಇರುವುದು ಸೂಕ್ಷ್ಮ ಕೋಶಗಳಲ್ಲಿ ಹಿಡಿದಿಟ್ಟ ವಿದ್ಯುದಾವೇಶವಾಗಿ. ಆ ಆವೇಶ ಮೆಲ್ಲಗೆ ಸೋರುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ತಗಡಿನ ಮನೆಯ ಗೂಡಿನಲ್ಲೋ ಕಾರಿನ ಡ್ಯಾಶ್‌ಬೋರ್ಡ್ ಮೇಲೋ ಅದನ್ನು ಬಿಡಬೇಡಿ.

ಹಳೆಯ ಕಂಪ್ಯೂಟರಿಗೆ ಉಬುಂಟು, ಮಿಂಟ್‌ನಂಥ ಲಿನಕ್ಸ್ ಹಾಕಿಕೊಂಡವರಲ್ಲಿ ನನ್ನ ಮನವಿ ಇನ್ನೂ ಹೆಚ್ಚಿನದು. ಡ್ರೈವಿಗೆ ಏನಾಗಿದೆ ಎಂದು ಲಿನಕ್ಸ್ ಬಿಚ್ಚಿ ಹೇಳುತ್ತದೆ, ನಾವು ಕೇಳಿಸಿಕೊಳ್ಳಬೇಕು ಅಷ್ಟೆ. ಟರ್ಮಿನಲ್‌ನಲ್ಲಿ ‘ಸುಡೊ ಡಿಮೆಸ್ಜ್’ ಕೊಟ್ಟರೆ ಕರ್ನಲ್‌ನ ದಾಖಲೆ ಕಾಣುತ್ತದೆ. ಡ್ರೈವ್ ಪದೇ ಪದೇ ಕಳಚಿ ಮತ್ತೆ ಕೂಡಿದಂತೆ ಅಲ್ಲಿ ಬಂದರೆ ಮೊದಲು ಪೋರ್ಟ್ ಬದಲಿಸಿ. ಹಬ್, ಎಕ್ಸ್‌ಟೆನ್ಷನ್ ಕೇಬಲ್ ತೆಗೆದು ನೇರ ಹಿಂಬದಿಯ ಪೋರ್ಟಿಗೆ ಚುಚ್ಚಿ. ಯಾವ ಪೋರ್ಟಿನಲ್ಲೂ ‘ಐ/ಒ ಎರರ್’ ಎಂದೇ ಬರುತ್ತಿದ್ದರೆ, ಇಲ್ಲವೇ ಡ್ರೈವ್ ತಾನಾಗಿ ‘ರೀಡ್-ಓನ್ಲಿ’ ಆದರೆ, ದಯವಿಟ್ಟು ಅಲ್ಲಿಗೇ ಕೈ ನಿಲ್ಲಿಸಿ. ಫಾರ್ಮ್ಯಾಟ್ ಮಾಡಬೇಡಿ. ರಿಪೇರಿಯ ‘ಎಫ್‌ಎಸ್‌ಸಿಕೆ’ ಕೂಡ ಸದ್ಯ ಬೇಡ, ಅದು ಸರಿಪಡಿಸುವ ಹೆಸರಲ್ಲಿ ಆ ಡ್ರೈವ್ ಮೇಲೆಯೇ ಬರೆಯುತ್ತದೆ. ಮೊದಲು ‘ಡಿಡಿರೆಸ್ಕ್ಯೂ’ ಬಳಸಿ ಡ್ರೈವಿನ ಪೂರ್ತಿ ಪಡಿಯಚ್ಚನ್ನು ಹಾರ್ಡ್‌ಡಿಸ್ಕಿಗೆ ತೆಗೆದುಕೊಳ್ಳಿ. ಓದಲಾಗುವ ಭಾಗವನ್ನು ಅದು ಮೊದಲು ಎತ್ತಿಕೊಂಡು, ಕೆಟ್ಟ ಜಾಗಕ್ಕೆ ಆಮೇಲೆ ಬರುತ್ತದೆ. ಫೈಲು ಹುಡುಕುವ ‘ಫೋಟೊರೆಕ್’ ಅನ್ನು ಆ ಪಡಿಯಚ್ಚಿನ ಮೇಲೆ ಓಡಿಸಿ. ಹೆಸರಿನಲ್ಲಿ ಫೋಟೊ ಇದ್ದರೂ ಆಡಿಯೊ ಫೈಲುಗಳನ್ನೂ ಹುಡುಕಿಕೊಡುತ್ತದೆ.

ಕಾಪಿಯ ಪಟ್ಟಿ ನೂರಕ್ಕೆ ಮುಟ್ಟಿತೆಂದು ಡ್ರೈವ್ ಕಿತ್ತವರಿಗೂ ಒಂದು ಮಾತು. ಲಿನಕ್ಸ್ ಮೊದಲು ಮೆಮೊರಿಯಲ್ಲಿ ಇಟ್ಟುಕೊಂಡು ಆಮೇಲೆ ಡ್ರೈವಿಗೆ ಬರೆಯುತ್ತದೆ. ‘ಎಜೆಕ್ಟ್’ ಒತ್ತಿ, ತೆಗೆಯಬಹುದು ಎನ್ನುವವರೆಗೆ ಕಾಯಿರಿ.

ಅಗ್ಗಕ್ಕೆ ಸಿಗುವ ‘2 ಟಿಬಿ’ ಡ್ರೈವ್‌ಗಳ ಬಗ್ಗೆ ನನಗೆ ನಿಜವಾಗಿ ಸಂಕಟವಿದೆ. ಒಳಗಿನ ಚಿಪ್ ಕೆಲವೇ ಜಿಬಿಯದು, ಕಂಪ್ಯೂಟರಿಗೆ ಸುಳ್ಳು ಅಳತೆ ಹೇಳುವಂತೆ ಮಾಡಿರುತ್ತಾರೆ. ತುಂಬಿದ ಮೇಲೂ ಫೈಲಿನ ಹೆಸರು ಕಾಣುತ್ತದೆ, ಒಳಗೆ ಹಾಡಿರುವುದಿಲ್ಲ. ಹೊಸ ಡ್ರೈವ್ ಖಾಲಿ ಇರುವಾಗಲೇ ‘ಎಫ್3ರೈಟ್’ನಿಂದ ತುಂಬಿಸಿ ‘ಎಫ್3ರೀಡ್’ನಿಂದ ಓದಿಸಿ. ಉಚಿತ ತಂತ್ರಾಂಶ, ಸುಳ್ಳು ಅಲ್ಲೇ ಬಯಲಾಗುತ್ತದೆ.

ಈ ವಾರ ನಿಮ್ಮ ಡ್ರೈವ್‌ಗಳನ್ನು ತೆರೆದು, ನಡುನಡುವೆ ಒಂದೆರಡು ಹಾಡು ಕೊನೆಯವರೆಗೆ ಕೇಳಿ. ಒಂದು ಪ್ರತಿ ಹಾರ್ಡ್‌ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲಿ ಇರಲಿ. ಫೈಲಿಗೆ ಹಾಡಿದವರ ಹೆಸರು, ಊರು, ಇಸವಿ ಹಾಕಿ. ಲಿನಕ್ಸ್ ಬಲ್ಲ ಕಾಲೇಜು ಹುಡುಗ ಹುಡುಗಿಯರೇ, ಓಣಿಯ ಭಜನಾ ಮಂಡಳಿಗೆ ಈ ಕೆಲಸ ನೀವೇ ಹೋಗಿ ಮಾಡಿಕೊಡಿ.