ಪುಟ್ಟ ಕಾರಿಗೆ ದೊಡ್ಡ ಎಂಜಿನ್ನು

1963ರಲ್ಲಿ ಲಂಡನ್ನಿನ ಹೊರವಲಯದ ಕಿಂಗ್‌ಸ್ಟನ್ ಬೈಪಾಸ್ ರಸ್ತೆಯಲ್ಲಿ ಪುಟ್ಟ ಕಾರೊಂದು ಪಲ್ಟಿ ಹೊಡೆಯಿತು. ಅದನ್ನು ಓಡಿಸುತ್ತಿದ್ದವರು ಆಗತಾನೇ ಚಾಲನೆ ಕಲಿತ ಹುಡುಗರೇನಲ್ಲ. 1959 ಮತ್ತು 1960ರಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಷಿಪ್ ಗೆದ್ದ ಕಾರುಗಳ ತಯಾರಕರಾದ ಜಾನ್ ಕೂಪರ್. ತೀವ್ರವಾಗಿ ಗಾಯಗೊಂಡಿದ್ದ ಅವರು ಬದುಕಿ ಉಳಿದದ್ದೇ ಹೆಚ್ಚು. ಆ ಪುಟ್ಟ ಕಾರಿನಲ್ಲಿ ಒಂದಲ್ಲ, ಎರಡು ಎಂಜಿನ್ನುಗಳಿದ್ದವು: ಮುಂದೊಂದು, ಹಿಂದೊಂದು!

ಕಾರಿನ ಹೆಸರು ‘ಮಿನಿ’. ಹಳೆಯ ಮಿನಿಯ ಎಂಜಿನ್ನನ್ನು ತೆಗೆದು, ಅದಕ್ಕಿಂತ ಹಲವು ಪಟ್ಟು ಬಲಶಾಲಿಯಾದ ಬೇರೊಂದನ್ನು ಕೂರಿಸುವ ಹವ್ಯಾಸ ಇಂದಿಗೂ ಬ್ರಿಟನ್, ಅಮೆರಿಕಗಳಲ್ಲಿ ಜೀವಂತವಾಗಿದೆ. ಎಂಜಿನ್ನು ಬದಲಾಯಿಸಿದ ಮಾತ್ರಕ್ಕೆ ಕಾರು ಬಲಶಾಲಿಯಾಗುತ್ತದೆಯೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಪ್ರೌಢಶಾಲೆಯ ಭೌತಶಾಸ್ತ್ರದ ಅರ್ಧ ಪಾಠಗಳು ಒಂದೇ ಕಾರಿನಲ್ಲಿ ಸಿಗುತ್ತವೆ.

1956ರ ಸೂಯೆಜ್ ಬಿಕ್ಕಟ್ಟಿನಿಂದ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಪಡಿತರ ಬಂತು. ಕಡಿಮೆ ಪೆಟ್ರೋಲು ಕುಡಿಯುವ, ನಾಲ್ಕು ಮಂದಿ ಕೂರಬಲ್ಲ ಸಣ್ಣ ಕಾರೊಂದನ್ನು ತಯಾರಿಸುವ ಹೊಣೆಯನ್ನು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರಿಗೆ ವಹಿಸಿತು. ಅವರು ಕಾರಿನ ಉದ್ದವನ್ನು ಕೇವಲ ಹತ್ತು ಅಡಿಗೆ ಇಳಿಸಿದರು. ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ, ಗೇರ್ ಪೆಟ್ಟಿಗೆಯನ್ನು ಅದರ ಕೆಳಗೆ ಎಣ್ಣೆ ತೊಟ್ಟಿಯೊಳಕ್ಕೇ ಇಳಿಸಿದರು. ಚಕ್ರಗಳ ವ್ಯಾಸ ಬರೀ ಹತ್ತು ಅಂಗುಲ. ಹೀಗೆ ಉಳಿಸಿದ ಜಾಗವೆಲ್ಲ ಪ್ರಯಾಣಿಕರ ಪಾಲಾಯಿತು.

ಇಲ್ಲಿ ಒಂದು ಸ್ವಾರಸ್ಯವಿದೆ. ಮೊದಲ ಪ್ರಯೋಗದ ಕಾರುಗಳಲ್ಲಿ 948 ಸಿ.ಸಿ. ಎಂಜಿನ್ನಿತ್ತು. ಅವು ಗಂಟೆಗೆ 140 ಕಿ.ಮೀ.ಗೂ ಮಿಕ್ಕಿ ಓಡಿದವು. ಇಷ್ಟು ಚಿಕ್ಕ ಕಾರಿಗೆ ಈ ವೇಗ ಅತಿಯಾಯಿತೆಂದು ತಯಾರಕರೇ ಎಂಜಿನ್ನನ್ನು 848 ಸಿ.ಸಿ.ಗೆ ಇಳಿಸಿದರು. 1959ರ ಆಗಸ್ಟಿನಲ್ಲಿ ಮಾರುಕಟ್ಟೆಗೆ ಬಂದ ಮಿನಿಯ ಸಾಮರ್ಥ್ಯ 34 ಅಶ್ವಶಕ್ತಿ. ಗರಿಷ್ಠ ವೇಗ ಗಂಟೆಗೆ ಸುಮಾರು 116 ಕಿ.ಮೀ.

ಈ ಕಾರು ತಿರುವುಗಳಲ್ಲಿ ನೆಲಕ್ಕೆ ಅಂಟಿಕೊಂಡಂತೆ ಓಡುವುದನ್ನು ಜಾನ್ ಕೂಪರ್ ಗಮನಿಸಿದರು. ಅವರ ಒತ್ತಾಯದಿಂದ 1961ರಲ್ಲಿ ‘ಮಿನಿ ಕೂಪರ್’ ಹುಟ್ಟಿತು. ಅದರ ಎಂಜಿನ್ನು 997 ಸಿ.ಸಿ., ಸಾಮರ್ಥ್ಯ 55 ಅಶ್ವಶಕ್ತಿ. ಅದರ ಜೊತೆಗೇ ಮುಂದಿನ ಚಕ್ರಗಳಿಗೆ ಡ್ರಮ್ ಬ್ರೇಕಿನ ಬದಲು ಡಿಸ್ಕ್ ಬ್ರೇಕು ಬಂತು. ಓಡುವ ಬಲ ಹೆಚ್ಚಿದಾಗ ನಿಲ್ಲುವ ಬಲವೂ ಹೆಚ್ಚಬೇಕಷ್ಟೆ.

ಎರಡು ಎಂಜಿನ್ನಿನ ಮಿನಿ ಇದರ ಮುಂದಿನ ಸಾಹಸ. ಒಂದೊಂದು ಎಂಜಿನ್ನು ಎರಡೆರಡು ಚಕ್ರಗಳನ್ನು ತಿರುಗಿಸಿದರೆ ನಾಲ್ಕೂ ಚಕ್ರಗಳಿಗೆ ಬಲ ಸಿಗುತ್ತದೆ ಎಂಬುದು ಲೆಕ್ಕಾಚಾರ. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇತ್ತು. ಆದರೆ 1963ರಲ್ಲಿ ಇಟಲಿಯ ಸಿಸಿಲಿ ದ್ವೀಪದ ಟಾರ್ಗಾ ಫ್ಲೋರಿಯೊ ಪಂದ್ಯದಲ್ಲಿ ಅಂಥದೊಂದು ಕಾರು ಓಡಿದಾಗ ಹಿಂದಿನ ಎಂಜಿನ್ನು ವಿಪರೀತ ಬಿಸಿಯಾಯಿತು. ಅದೇ ವರ್ಷ ಕೂಪರ್ ಅವರ ಅಪಘಾತವಾಯಿತು. ಎರಡು ಎಂಜಿನ್ನಿನ ಮಿನಿ ಮಾರುಕಟ್ಟೆಗೆ ಬರಲೇ ಇಲ್ಲ. ಅದೇ ವರ್ಷ ಬಂದ ‘ಕೂಪರ್ ಎಸ್’ನಲ್ಲಿ ಇದ್ದದ್ದು ಒಂದೇ ಎಂಜಿನ್ನು. 1071 ಸಿ.ಸಿ., 70 ಅಶ್ವಶಕ್ತಿ. ಜೊತೆಗೆ ಇನ್ನೂ ದೊಡ್ಡ ಡಿಸ್ಕ್ ಬ್ರೇಕುಗಳು. 1964ರ ಜನವರಿಯಲ್ಲಿ ಪ್ಯಾಡಿ ಹಾಪ್‌ಕರ್ಕ್ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಗೆದ್ದದ್ದು ಇದೇ ಕಾರಿನಲ್ಲಿ. ದೊಡ್ಡ ದೊಡ್ಡ ಕಾರುಗಳು ಹಿಂದೆ ಬಿದ್ದವು!

ಇನ್ನು ಇಂದಿನ ಹವ್ಯಾಸಿಗಳ ಕಡೆ ನೋಡೋಣ. ಅವರಿಗೆ ಬಹಳ ಪ್ರಿಯವಾದದ್ದು ಹೋಂಡಾ ಕಂಪನಿಯ 1.6 ಲೀಟರಿನ ‘ಬಿ16ಎ’ ಎಂಜಿನ್ನು. 1989ರಲ್ಲಿ ಜಪಾನಿನಲ್ಲಿ ಬಂದ ಇದರ ಸಾಮರ್ಥ್ಯ 160 ಅಶ್ವಶಕ್ತಿ. ಮೊದಲ ಮಿನಿಯ ಎಂಜಿನ್ನಿಗಿಂತ ಗಾತ್ರದಲ್ಲಿ ಎರಡು ಪಟ್ಟಿಗೂ ಕಡಿಮೆ, ಸಾಮರ್ಥ್ಯದಲ್ಲಿ ಮಾತ್ರ ನಾಲ್ಕು ಪಟ್ಟಿಗೂ ಹೆಚ್ಚು. ಇದು ಹೇಗೆ?

ಒಬ್ಬ ಆಳು ಒಂದು ಗಂಟೆಯಲ್ಲಿ ಹತ್ತು ಮೂಟೆ ಅಕ್ಕಿಯನ್ನು ಅಟ್ಟಕ್ಕೆ ಏರಿಸುತ್ತಾನೆ. ಇನ್ನೊಬ್ಬ ಅದೇ ತೂಕದ ಇಪ್ಪತ್ತು ಮೂಟೆ ಏರಿಸುತ್ತಾನೆ. ಎರಡನೆಯವನು ಒಂದೊಂದು ಸಲಕ್ಕೂ ಹೊರುವುದು ಒಂದೇ ಮೂಟೆಯಾದರೂ ಅವನ ಸಾಮರ್ಥ್ಯ ಎರಡರಷ್ಟು. ಏಕೆಂದರೆ ಸಾಮರ್ಥ್ಯವೆಂದರೆ ಕೆಲಸ ಮಾಡುವ ದರ. ಎಂಜಿನ್ನಿನ ವಿಷಯದಲ್ಲೂ ಹಾಗೆಯೇ. ತಿರುಗಿಸುವ ಬಲವನ್ನು ತಿರುಗುವ ವೇಗದಿಂದ ಗುಣಿಸಿದರೆ ಸಾಮರ್ಥ್ಯ ಸಿಗುತ್ತದೆ. ಹಳೆಯ ಮಿನಿಯ ಎಂಜಿನ್ನು ತನ್ನ ಗರಿಷ್ಠ ಸಾಮರ್ಥ್ಯ ಮುಟ್ಟುವುದು ನಿಮಿಷಕ್ಕೆ 5500 ಸುತ್ತುಗಳಲ್ಲಿ. ಹೋಂಡಾದ್ದು 7600 ಸುತ್ತುಗಳಲ್ಲಿ. ಅಷ್ಟು ವೇಗದಲ್ಲಿ ಸಿಲಿಂಡರಿಗೆ ಗಾಳಿ ತುಂಬಲು ಸಿಗುವ ಸಮಯ ಬಹಳ ಕಡಿಮೆ. ಅದಕ್ಕಾಗಿ ಈ ಎಂಜಿನ್ನಿನ ಒಂದೊಂದು ಸಿಲಿಂಡರಿಗೂ ನಾಲ್ಕು ವಾಲ್ವುಗಳಿವೆ. ವೇಗ ಒಂದು ಹಂತ ದಾಟಿದೊಡನೆ ಆ ವಾಲ್ವುಗಳು ಇನ್ನೂ ಹೆಚ್ಚು ತೆರೆಯುವಂತೆ, ಹೆಚ್ಚು ಹೊತ್ತು ತೆರೆದಿರುವಂತೆ ಮಾಡುವ ಏರ್ಪಾಡೂ ಇದೆ.

ಆದರೆ ಇದನ್ನು ಮಿನಿಯೊಳಗೆ ಸುಮ್ಮನೆ ಕೂರಿಸಲಾಗದು. ಮಿನಿಯಲ್ಲಿ ಗೇರ್ ಪೆಟ್ಟಿಗೆ ಎಂಜಿನ್ನಿನ ಕೆಳಗಿದೆ, ಹೋಂಡಾದಲ್ಲಿ ಪಕ್ಕಕ್ಕಿದೆ. ಹಾಗಾಗಿ ಎಂಜಿನ್ನು ಹೊರುವ ಮುಂದಿನ ಚೌಕಟ್ಟನ್ನೇ ತೆಗೆದು, ಉಕ್ಕಿನ ಕೊಳವೆಗಳಿಂದ ಬೆಸೆದ ಹೊಸ ಚೌಕಟ್ಟನ್ನು ಹಾಕಬೇಕು. ಚಕ್ರಗಳಿಗೆ ಬಲ ಸಾಗಿಸುವ ದಂಡಗಳು ಒಂದು ತುದಿಯಲ್ಲಿ ಹೋಂಡಾಕ್ಕೂ ಇನ್ನೊಂದು ತುದಿಯಲ್ಲಿ ಮಿನಿಗೂ ಹೊಂದಬೇಕು. ಹಳೆಯ ರೇಡಿಯೇಟರು ಎಂಜಿನ್ನಿನ ಪಕ್ಕದಲ್ಲಿ, ಚಕ್ರದ ಬಳಿ ಅಡಗಿ ಕುಳಿತಿತ್ತು. ಹೆಚ್ಚು ಪೆಟ್ರೋಲು ಉರಿದರೆ ಹೆಚ್ಚು ಶಾಖ. ಆದ್ದರಿಂದ ದೊಡ್ಡ ರೇಡಿಯೇಟರನ್ನು ಎದುರುಗಾಳಿ ಬೀಳುವಂತೆ ಮುಂದಕ್ಕೆ ತರಬೇಕು. ಹಲವರು ಇದಕ್ಕಾಗಿ ಕಾರಿನ ಮೂತಿಯನ್ನೇ ಉದ್ದ ಮಾಡುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು ಬ್ರೇಕು. ವಿದ್ಯಾರ್ಥಿಗಳು ಈ ಲೆಕ್ಕವನ್ನು ಮಾಡಿ ನೋಡಬಹುದು. ಚಾಲಕನನ್ನೂ ಸೇರಿಸಿ ಕಾರಿನ ತೂಕ 650 ಕಿಲೋ ಎಂದಿಟ್ಟುಕೊಳ್ಳಿ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಅದರ ಚಲನ ಶಕ್ತಿ ಸುಮಾರು 63 ಕಿಲೋಜೂಲ್. ವೇಗ 100 ಕಿ.ಮೀ. ಆದರೆ ಶಕ್ತಿ ಎರಡರಷ್ಟಲ್ಲ, ನಾಲ್ಕರಷ್ಟು. ಅಂದರೆ ಸುಮಾರು 250 ಕಿಲೋಜೂಲ್. 150 ಕಿ.ಮೀ. ಆದರೆ ಒಂಬತ್ತರಷ್ಟು, ಸುಮಾರು 564 ಕಿಲೋಜೂಲ್. ಬ್ರೇಕು ಒತ್ತಿದಾಗ ಈ ಶಕ್ತಿ ಮಾಯವಾಗುವುದಿಲ್ಲ. ಬಹುಪಾಲು ಬ್ರೇಕಿನಲ್ಲೇ ಶಾಖವಾಗುತ್ತದೆ. 564 ಕಿಲೋಜೂಲ್ ಎಂದರೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ 1.8 ಲೀಟರ್ ನೀರನ್ನು ಕುದಿಯುವ ಬಿಂದುವಿಗೆ ತರಬಲ್ಲ ಶಾಖ. ಒಲೆಯ ಮೇಲೆ ಅಷ್ಟು ನೀರು ಕಾಯಲು ಹಲವು ನಿಮಿಷ ಬೇಕು. ಬ್ರೇಕು ಇದನ್ನು ಕೆಲವೇ ಸೆಕೆಂಡುಗಳಲ್ಲಿ ನುಂಗಬೇಕು. 34 ಅಶ್ವಶಕ್ತಿಯ ಕಾರಿಗೆಂದು ಮಾಡಿದ ಪುಟ್ಟ ಡ್ರಮ್ಮಿಗೆ ಅದು ಸಾಧ್ಯವೆ? ಅತಿಯಾಗಿ ಬಿಸಿಯಾದ ಬ್ರೇಕು ಹಿಡಿತ ಕಳೆದುಕೊಳ್ಳುತ್ತದೆ. ಅದಕ್ಕೇ ತಿಳಿದವರು ಹತ್ತು ಅಂಗುಲದ ಚಕ್ರಗಳನ್ನು ಬಿಟ್ಟು ಹದಿಮೂರು ಅಂಗುಲದವನ್ನು ಹಾಕಿ, ಒಳಗೆ ದೊಡ್ಡ ಡಿಸ್ಕಿಗೆ ಜಾಗ ಮಾಡುತ್ತಾರೆ.

ಹಳ್ಳಿಯ ರೈತರಿಗೆ ಈ ಸತ್ಯ ಎಂದಿನಿಂದಲೂ ಗೊತ್ತು. ಸಣ್ಣ ಗಾಡಿಗೆ ಜಾತ್ರೆಯಿಂದ ತಂದ ಭಾರಿ ಜೋಡೆತ್ತು ಕಟ್ಟುವ ಮೊದಲು ಅವರು ನೊಗ, ಅಚ್ಚು, ಕಡೆಗೀಲು ಎಲ್ಲವನ್ನೂ ಮುಟ್ಟಿ ನೋಡುತ್ತಾರೆ. ಎತ್ತು ಎಷ್ಟೇ ಬಲವಾಗಿದ್ದರೂ ಗಾಡಿಯ ಬಲ ಅದರ ಕಡೆಗೀಲಿನಷ್ಟೇ.

ಕಾನೂನೂ ಇದನ್ನೇ ಹೇಳುತ್ತದೆ. ಭಾರತದ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಮಗನ ಬೈಕಿನ ವೇಗ ಹೆಚ್ಚಿಸಿಕೊಡುತ್ತೇನೆ ಎನ್ನುವ ಮೆಕ್ಯಾನಿಕ್ಕನ್ನು ತಂದೆತಾಯಿ ಮೊದಲು ಕೇಳಬೇಕಾದದ್ದು ‘ಎಷ್ಟು ವೇಗ ಹೋಗುತ್ತದೆ’ ಎಂದಲ್ಲ; ‘ಎಷ್ಟು ದೂರದಲ್ಲಿ ನಿಲ್ಲುತ್ತದೆ’ ಎಂದು.

ಜಾನ್ ಕೂಪರ್ ಚೇತರಿಸಿಕೊಂಡು 2000ನೇ ಇಸವಿಯವರೆಗೆ ಬಾಳಿದರು. ಅವರ ಹೆಸರನ್ನು ಜಗತ್ತಿಗೆ ಸಾರಿದ ಪುಟ್ಟ ಕಾರು ಎರಡು ಎಂಜಿನ್ನಿನದಲ್ಲ. ಒಂದೇ ಎಂಜಿನ್ನು, ಅದಕ್ಕೆ ತಕ್ಕ ಬ್ರೇಕು ಇದ್ದ ಕಾರು.