ಡಬ್ಬ ಇದೆ, ಚೀಟಿ ಹೋಗಿದೆ!

ಕುಣಿಗಲ್ಲಿನ ನನ್ನ ಗೆಳೆಯ ಹೋದ ಸೋಮವಾರ ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಅವನ ಮುಖ ನೋಡಬೇಕಿತ್ತು ಸ್ವಾಮಿ. ಮೊದಲ ವಾರಕ್ಕೇ ಚಿತ್ರ ಎತ್ತಿದ ನಿರ್ಮಾಪಕನ ಹಾಗಿತ್ತು! ಬೆಂಕಿಪೊಟ್ಟಣ ತೆಗೆದ. ಒಳಗೆ ಬೀಡಿ ಅಲ್ಲ, ಉಗುರಿನಷ್ಟು ಮೆಮೊರಿ ಕಾರ್ಡು.

"ಲೋ, ಇದರೊಳಗೆ ನಮ್ಮ ಮಾವ ಇದಾರೆ ಕಣೋ. ಹೆಂಗಾದ್ರೂ ತೆಗೆದುಕೊಡು."

ಮಾವ ಗುಬ್ಬಿಯವರು. ಹರೆಯದಲ್ಲಿ ನಾಟಕ ಕಂಪನಿಗಳ ಜೊತೆ ಊರೂರು ಸುತ್ತಿ ಹಾರ್ಮೋನಿಯಂ ನುಡಿಸಿದವರು. ವೀರಣ್ಣನವರ ಊರು, ಕೇಳಬೇಕೆ! ಅಣ್ಣಾವ್ರ 'ಬೇಡರ ಕಣ್ಣಪ್ಪ' (1954) ತೆಗೆದ ಸಂಸ್ಥೆಯ ಹೆಸರಿನಲ್ಲೂ ಗುಬ್ಬಿ ಇದೆಯಲ್ಲ. ಗೆಳೆಯ ಅವರ ಹಾಡುಗಳನ್ನು ಮೂರು ವೀಡಿಯೊ ಮಾಡಿದ್ದ. ಮೂರನೆಯದು ನಡೆಯುತ್ತಿದ್ದಾಗಲೇ ಫೋನಿನ ಬ್ಯಾಟರಿ ಸತ್ತಿತು. ಆಮೇಲೆ ಆನ್ ಮಾಡಿದರೆ, ಕಾರ್ಡು ಕೆಟ್ಟಿದೆ, ಫಾರ್ಮ್ಯಾಟ್ ಮಾಡಲೇ ಅಂತ ಫೋನು ಕೇಳಿತು. ಅದಾಗಿ ಇಪ್ಪತ್ತು ದಿನಕ್ಕೆ ಮಾವನೂ ಹೋಗಿಬಿಟ್ಟರು.

ಮೊಬೈಲ್ ಅಂಗಡಿಯವನೊಬ್ಬ "ಫಾರ್ಮ್ಯಾಟ್ ಮಾಡಿದ್ರೆ ಸರಿಹೋಗುತ್ತೆ" ಅಂದನಂತೆ. ಕಾರ್ಡು ಸರಿಹೋಗುತ್ತೆ ನಿಜ. ಮಾವ?

ಪ್ರೊಜೆಕ್ಟರ್ ಕ್ಯಾಬಿನ್ ನೆನಪಿಸಿಕೊಳ್ಳಿ. ಹದಿನಾರು ರೀಲು, ಹದಿನಾರು ಡಬ್ಬ. ಡಬ್ಬದ ಮೇಲೆ ಚೀಟಿ. ಯಾರೋ ಚೀಟಿ ಕಿತ್ತರೆ ಚಿತ್ರ ಸುಟ್ಟುಹೋಯಿತೇ? ಇಲ್ಲ, ಯಾವುದಾದ ಮೇಲೆ ಯಾವುದು ಅಂತ ಆಪರೇಟರಿಗೆ ತಿಳಿಯದು, ಅಷ್ಟೇ. ಕಾರ್ಡಿನಲ್ಲೂ ಯಾವ ಫೈಲು ಎಲ್ಲೆಲ್ಲಿದೆ ಎನ್ನುವ ಪಟ್ಟಿ ಇರುತ್ತದೆ. ಬರೆಯುತ್ತಿರುವಾಗಲೇ ಕರೆಂಟು ಹೋದರೆ, ಕಾರ್ಡು ಕಿತ್ತರೆ, ಆ ಪಟ್ಟಿ ಅರ್ಧಂಬರ್ಧವಾಗುತ್ತದೆ. ನಮ್ಮ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' (1934) ಡಬ್ಬವೇ ಹೋದ ಕಥೆ, ಅದರ ಪ್ರಿಂಟು ಸಿಕ್ಕಿಲ್ಲ. ಇಲ್ಲಿ ಹೋಗಿರುವುದು ಚೀಟಿ.

ಆದರೆ ಆ ಕಾರ್ಡಿನಲ್ಲಿ ಹೊಸದಾಗಿ ಒಂದು ಫೋಟೋ ತೆಗೆದರೂ ಹಳೇ ರೀಲಿನ ಮೇಲೇ ಹೊಸ ಚಿತ್ರ ಕೂರಬಹುದು. ಫಾರ್ಮ್ಯಾಟ್ ಒತ್ತಿದರಂತೂ ಕೆಲವು ಫೋನು ಪಟ್ಟಿಯ ಜೊತೆ ರೀಲನ್ನೂ ಒರೆಸಿಬಿಡುತ್ತವೆ. ಪುಣ್ಯಕ್ಕೆ ನಮ್ಮವನು ಹೆದರಿ ಕಾರ್ಡು ಕಿತ್ತಿಟ್ಟಿದ್ದ. ಹೆದರಿಕೆಯೂ ಒಮ್ಮೊಮ್ಮೆ ಕೆಲಸಕ್ಕೆ ಬರುತ್ತೆ ನೋಡಿ!

ಕಾರ್ಡನ್ನು ಅಡಾಪ್ಟರಿಗೆ ತೂರಿಸಿ, ಪಕ್ಕದ ಲಾಕ್ ಜಾರಿಸಿ ಕಂಪ್ಯೂಟರಿಗೆ ಹಾಕಿದೆವು. ಅದೂ ಫಾರ್ಮ್ಯಾಟ್ ಅಂತಲೇ ಕೇಳಿತು. ಬೇಡ ಅಂದೆವು. ಮೊದಲು ಇಡೀ ಕಾರ್ಡಿನ ನಕಲು ಇಳಿಸಿಕೊಂಡು, ಅಸಲನ್ನು ಮತ್ತೆ ಬೆಂಕಿಪೊಟ್ಟಣಕ್ಕೆ ಸೇರಿಸಿದೆವು. ರಿಪೇರಿ ಏನಿದ್ದರೂ ನಕಲಿನ ಮೇಲೆ. 'ಫೋಟೋರೆಕ್' ಎಂಬ ಪುಕ್ಕಟೆ ತಂತ್ರಾಂಶ ಪಟ್ಟಿಯ ಗೋಜಿಗೇ ಹೋಗದೆ ರೀಲುಗಳನ್ನೇ ಹುಡುಕುತ್ತದೆ. ಹೆಸರು ಉಳಿಯಲ್ಲ, ಬರೀ ನಂಬರು. ಚೂರುಚೂರಾಗಿ ಹರಡಿದ ಫೈಲು ಸಿಗದೆಯೂ ಹೋಗಬಹುದು.

ರಾತ್ರಿ ಹನ್ನೊಂದಕ್ಕೆ ಮೊದಲನೆಯದು ಸಿಕ್ಕಿತು. ಮಾವ ಶ್ರುತಿ ಹಿಡಿದು, ಕೆಮ್ಮಿ, "ಶುರು ಮಾಡ್ಲಾ?" ಅಂದರು. ಗೆಳೆಯ ಎದ್ದು ಹೊರಗೆ ಹೋಗಿಬಿಟ್ಟ.

ಎರಡನೆಯದೂ ಬಂತು. ಮೂರನೆಯದು ಇದೆ, ಓಡುತ್ತಿಲ್ಲ. ವೀಡಿಯೊ ತನ್ನ ಸೂಚಿಯನ್ನು ಸಾಮಾನ್ಯವಾಗಿ ಕೊನೆಯಲ್ಲಿ ಬರೆದುಕೊಳ್ಳುತ್ತದೆ, ಇದಕ್ಕೆ ಕೊನೆಯೇ ಆಗಲಿಲ್ಲವಲ್ಲ. ಅದೇ ಫೋನಿನಲ್ಲಿ ತೆಗೆದ ಸರಿಯಾದ ವೀಡಿಯೊ ಒಂದಿದ್ದರೆ ಅದನ್ನು ಮಾದರಿಯಾಗಿಟ್ಟು 'ಅನ್‌ಟ್ರಂಕ್' ಎಂಬುದು ಸೂಚಿ ಕಟ್ಟಲು ನೋಡುತ್ತದೆ. ಗೆಳೆಯ ಹೊಸ ಕಾರ್ಡು ಹಾಕಿ ಕುಣಿಗಲ್ ಕೆರೆ ಏರಿ ಮೇಲೆ ನಿಂತು ಎರಡು ನಿಮಿಷ ತೆಗೆದು ಕಳಿಸಿದ್ದಾನೆ. ಭಾನುವಾರ ಮತ್ತೆ ಕೂರುತ್ತೇವೆ.